ಪರದೆಗೆ ಬೆನ್ನು ಮಾಡಿ ಹೇಳಿದ ಮಾತು

ಹೈದರಾಬಾದಿನಲ್ಲಿ ಜನ ಕಂಪ್ಯೂಟರು ಎಂಬ ಶಬ್ದವನ್ನು ಮಂತ್ರದ ಹಾಗೆ ಉಚ್ಚರಿಸುತ್ತಿದ್ದ ಕಾಲ ಅದು. ದಿಲ್‌ಸುಖ್‌ನಗರದ ಒಂದೊಂದು ಕಟ್ಟಡಕ್ಕೂ ಹತ್ತು ಕೋಚಿಂಗ್ ಸೆಂಟರಿನ ಬೋರ್ಡು. ಅಂಥ ಒಂದರಲ್ಲಿ ನಾನು ಮೇಷ್ಟ್ರಾಗಿದ್ದೆ. ನನಗೂ ನನ್ನ ವಿದ್ಯಾರ್ಥಿಗಳಿಗೂ ಇದ್ದ ವ್ಯತ್ಯಾಸ ಒಂದೇ: ಅವರು ಈ ವಾರ ಕಲಿಯುವುದನ್ನು ನಾನು ಹೋದ ವಾರ ಕಲಿತಿರುತ್ತಿದ್ದೆ. ಇಷ್ಟರ ಮೇಲೂ ಒಂದು ಖಾಸಗಿ ಕಂಪನಿ ನನ್ನನ್ನು ಕರೆಸಿಕೊಂಡಿತು. ನನ್ನ ವಿದ್ಯೆ ನೋಡಿ ಅಲ್ಲ, ಇಲ್ಲಿನ ಕಾಚಿಗೂಡದಲ್ಲಿ ಬೆಳೆದ ಕಲಬುರಗಿ ಕಡೆಯವನಾದ ನನಗೆ ಕನ್ನಡ, ತೆಲುಗು ಎರಡೂ ಬರುತ್ತವೆ ಎಂಬ ಕಾರಣಕ್ಕೆ.

ಕೆಲಸ ಇಷ್ಟು. ನಗರದ ಒಬ್ಬ ಹಿರಿಯ ಅಧಿಕಾರಿ ತಮ್ಮ ಕಚೇರಿಯಲ್ಲಿ ಕ್ಯಾಮೆರಾದ ಮುಂದೆ ಕೂರುತ್ತಾರೆ. ಜನ ತಮ್ಮ ತಮ್ಮ ಬಡಾವಣೆಯ ಫಂಕ್ಷನ್ ಹಾಲಿನಲ್ಲಿ ಪರದೆಯ ಮುಂದೆ ಕೂತು ಅವರೊಂದಿಗೆ ಮಾತಾಡುತ್ತಾರೆ. ತೆಲುಗು ಬಾರದ ಕನ್ನಡದ ಕೂಲಿಯವರ ಮಾತನ್ನು ನಾನು ತೆಲುಗಿಗೆ ತಿರುಗಿಸಬೇಕು. ಚೆನ್ನಾಗಿ ಮಾಡಿದರೆ ಕಾಯಂ ನೌಕರಿ ಎಂದಿದ್ದರು. ಆ ಒಂದು ಮಾತಿಗೆ ನಾನು ಹೊಸ ಟೈ ಕೊಂಡೆ, ಕಟ್ಟಿಕೊಳ್ಳಲು ಬಾರದೆ ಅರ್ಧ ದಿನ ಕನ್ನಡಿಯ ಮುಂದೆ ಕಳೆದೆ.

ಕಾರ್ಯಕ್ರಮದ ಉಸ್ತುವಾರಿ ನನ್ನದೇ ವಯಸ್ಸಿನವನು. ಕೊರಳಲ್ಲಿ ಯಾವಾಗಲೂ ಒಂದು ಬ್ಯಾಡ್ಜು, ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ನನ್ನಂಥ ದುಭಾಷಿಗಳಿಗೆ ಎರಡು ದಿನ ತರಬೇತಿ ಕೊಟ್ಟ. ಪ್ರಜಾಪ್ರಭುತ್ವದ ಬಗ್ಗೆ ಅವನು ಮಾತಾಡಿದ್ದನ್ನು ಕೇಳಿದರೆ ಅದನ್ನು ಮೊನ್ನೆಯಷ್ಟೇ ಇವನ ಕಂಪನಿಯೇ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿದೆ ಅನ್ನಿಸುತ್ತಿತ್ತು. ಇನ್ನು ಮೇಲೆ ಪುಢಾರಿ ಬೇಡ, ಗುಮಾಸ್ತ ಬೇಡ, ಅರ್ಜಿ ಬರೆಯುವವನು ಬೇಡ, ಆಳುವವರ ಮತ್ತು ಜನರ ನಡುವೆ ಒಂದು ವೈರು ಸಾಕು, ಎಂದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಡುವೆ ಯಾರೂ ಬೇಡವಾದರೆ ನನ್ನನ್ನು ಯಾಕೆ ಕರೆಸಿದ್ದೀರಿ ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ.

ನನ್ನ ಪಾಲಿಗೆ ಬಂದದ್ದು ಮಿಯಾಪುರದ ಆಚೆಯ ಒಂದು ಕೂಲಿ ಕ್ಯಾಂಪು. ಗಾಜಿನ ಕಟ್ಟಡಗಳನ್ನು ಕಟ್ಟಲು ಬಂದಿದ್ದ ಯಾದಗಿರಿ, ರಾಯಚೂರು ಕಡೆಯ ಜನ ಅಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಕ್ಯಾಂಪಿಗೆ ನೀರಿರಲಿಲ್ಲ. ಅವರ ಪರವಾಗಿ ಯಾರು ಮಾತಾಡಬೇಕು ಎಂದು ಕೇಳಿದಾಗ ಎಲ್ಲರೂ ಒಬ್ಬ ಅಕ್ಕನನ್ನು ತೋರಿಸಿದರು. ನಲವತ್ತರ ಹತ್ತಿರದ ಹೆಂಗಸು, ಎರಡು ಮಾತಿಗೆ ಮೇಸ್ತ್ರಿಯ ಬೆವರಿಳಿಸುವಂಥವಳು. ಇವಳಾದರೆ ಗೆದ್ದ ಹಾಗೇ ಎಂದುಕೊಂಡೆ.

ಆ ಬೆಳಿಗ್ಗೆ ಫಂಕ್ಷನ್ ಹಾಲಿನಲ್ಲಿ ಮದುವೆಯ ಸಿಂಹಾಸನಗಳನ್ನು ಸರಿಸಿ ಅಲ್ಲಿ ಪರದೆ ಇಟ್ಟಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನೀರಿಲ್ಲದ ಜನಕ್ಕೆ ತೋರಿಸಲು ಎರಡು ಆಳೆತ್ತರದ ಪರದೆ. ನಮಗಿಂತ ಮೊದಲು ಬೇರೆ ಬಡಾವಣೆಯವರ ಸರದಿ, ಅವರೂ ಪರದೆಯ ಮೇಲೆಯೇ ಕಾಣುತ್ತಿದ್ದರು. ಸಫಾರಿ ತೊಟ್ಟ ಒಬ್ಬರು ಮೈಕು ಹಿಡಿದು ನಮ್ಮ ಬೀದಿಯಲ್ಲಿ ದೀಪವಿಲ್ಲ ಎಂದು ಅಚ್ಚುಕಟ್ಟಾದ ತೆಲುಗಿನಲ್ಲಿ ಹೇಳಿದರು. ಅಧಿಕಾರಿ ಪಕ್ಕದಲ್ಲಿದ್ದವರ ಕಡೆ ತಿರುಗಿ ನಾಳೆಯೇ ಹಾಕಿಸಿ ಎಂದರು. ಎರಡು ನಿಮಿಷ ಆಗಿರಲಿಲ್ಲ. ಸುಳ್ಳು ಹೇಳಬಾರದು, ನನಗೆ ಮೈ ಜುಮ್ಮೆಂದಿತು. ಕೇಳಿದರೆ ನಿಜವಾಗಿಯೂ ಸಿಗುತ್ತಿತ್ತು.

ಆಮೇಲೆ ನಮ್ಮ ಸರದಿ. ಅಕ್ಕ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಅಧಿಕಾರಿಯ ಮುಖ ಬಂತು. ನರೆತ ಮೀಸೆ, ಹಣೆಯ ಮೇಲೆ ವಿಭೂತಿ. "ಏಮೈನಾ ಇಬ್ಬಂದಿ ಉಂದಾ ಅಮ್ಮಾ?" ಎಂದರು. ಏನಾದರೂ ತೊಂದರೆ ಇದೆಯೇ ಎಂದು ಕೇಳುತ್ತಿದ್ದಾರೆ ಅಂತ ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ಥಟ್ಟನೆ ಎದ್ದಳು. ಸೆರಗನ್ನು ಹಣೆಯವರೆಗೂ ಎಳೆದುಕೊಂಡು, ಪರದೆಗೆ ಬೆನ್ನು ಮಾಡಿ, ನನ್ನ ಕಡೆ ತಿರುಗಿ ನಿಂತಳು.

"ತಮ್ಮಾ, ಹಿರೇರಿಗೆ ಹೇಳು. ಟ್ಯಾಂಕರ್ ನಾಲ್ಕ ದಿನಕ್ಕೊಮ್ಮೆ ಬರಾಕತ್ತೈತಿ. ಉಳದ ದಿನ ನಾವು ಕೊಡ ಹೊತ್ಕೊಂಡು ಆ ದೊಡ್ಡ ರೋಡ್ ದಾಟಾಕತ್ತೀವಿ. ಮೊನ್ನಿ ಒಬ್ಬಾಕಿಗೆ ಲಾರಿ ಬಡದು ಕಾಲ ಮುರದೈತಿ. ಈ ಕಡೀಗೆ ಒಂದು ನಳ ಹಾಕ್ಸಿದ್ರ ಸಾಕು, ಮತ್ತೇನೂ ಬ್ಯಾಡ ಅನ್ನು."

ಅವಳಿಗೆ ನಾಚಿಕೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ನನ್ನ ಅವ್ವ ಮಾತಾಡುತ್ತಿದ್ದದ್ದೂ ಹೀಗೆಯೇ. ಮಾವನ ಎದುರು ಸೊಸೆ ಮುಖ ಕೊಟ್ಟು ಮಾತಾಡಬಾರದು. ನಾನು ಚಿಕ್ಕವನಿದ್ದಾಗ ಊರಿನ ಮನೆಯಲ್ಲಿ ಅಜ್ಜ ಎರಡು ಮಾರು ದೂರದಲ್ಲಿ ಕೂತಿದ್ದರೂ ಅವ್ವ ಬಾಗಿಲ ಮರೆಯಿಂದ "ಅಜ್ಜಗ ಹೇಳು, ಜ್ವಾಳ ಮುಗದಾವ" ಎಂದು ನನಗೆ ಹೇಳುತ್ತಿದ್ದಳು. ಅಜ್ಜನ ಕಿವಿಗೆ ಅದು ಬಿದ್ದಿರುತ್ತಿತ್ತು, ಆದರೂ ನಾನು ಇನ್ನೊಮ್ಮೆ ಹೇಳುವ ತನಕ ಅವರು ಹೂಂ ಅನ್ನುತ್ತಿರಲಿಲ್ಲ. ನಡುವಿನವನು ಹೇಳಿದ ಮೇಲೆಯೇ ಅದು ಮಾತು. ಅವ್ವ ಹಾಗೆ ಹೇಳಿಯೇ ಹೊಲ ಮಾರುವುದನ್ನು ತಪ್ಪಿಸಿದ್ದಳು, ತಂಗಿಯನ್ನು ಶಾಲೆಗೆ ಕಳಿಸಿದ್ದಳು.

ಈ ಅಕ್ಕ ತನ್ನ ಪಾಲಿನದನ್ನು ಮಾಡಿ ಮುಗಿಸಿದ್ದಳು. ಇನ್ನು ಉಳಿದದ್ದು ನನ್ನದು.

ನಾನು ಬಾಯಿ ತೆರೆದೆ. ಬ್ಯಾಡ್ಜಿನವನು ಕೈ ಅಡ್ಡ ಮಾಡಿದ. ಆಕೆ ಮೈಕಿಗೆ ಹೇಳಬೇಕು, ಮೈಕಿಗೆ ಬಂದದ್ದನ್ನು ಮಾತ್ರ ನೀನು ಹೇಳಬೇಕು, ಇದು ನೇರ ಮಾತಿನ ಕಾರ್ಯಕ್ರಮ, ಎಂದು ಪಿಸುಗುಟ್ಟಿದ. ಮೈಕು ಖಾಲಿ ಕುರ್ಚಿಯ ಮುಂದಿತ್ತು. "ಅಕ್ಕಾ, ಆ ಕಡೆ ತಿರುಗ್ರಿ" ಎಂದೆ. ಅವಳು ನನಗೆ ಬುದ್ಧಿ ಕೆಟ್ಟಿದೆಯೇ ಎಂಬಂತೆ ನೋಡಿದಳು. ಪರದೆಯ ಮೇಲೆ ಅಧಿಕಾರಿ ನಕ್ಕರು. "ಸಿಗ್ಗು ಪಡ್ತೋಂದಿ" ಎಂದರು, ನಾಚಿಕೊಳ್ಳುತ್ತಿದ್ದಾಳೆ ಎಂದು. ಹಾಲಿನಲ್ಲಿ ತೆಲುಗು ಬಲ್ಲವರೆಲ್ಲ ನಕ್ಕರು. ನಾನೂ ನಕ್ಕೆ. ತೊಂದರೆ ಏನೂ ಇಲ್ಲ ಅಂದರೆ ಬಹಳ ಸಂತೋಷ ಎಂದು ಹೇಳಿ ಅವರು ಮುಂದಿನ ಬಡಾವಣೆಗೆ ಹೋದರು.

ಎರಡು ಹೆಜ್ಜೆ ಇಟ್ಟು ಮೈಕು ಎತ್ತಿಕೊಂಡು ನಾಲ್ಕು ವಾಕ್ಯ ತೆಲುಗಿನಲ್ಲಿ ಹೇಳಿದ್ದರೆ ನಳ ಬರುತ್ತಿತ್ತು. ಬೀದಿದೀಪ ಬಂದ ಹಾಗೆಯೇ ಬರುತ್ತಿತ್ತು. ಆ ಯಂತ್ರವನ್ನು ಬೈಯುವುದು ಸುಲಭ, ಎಷ್ಟೋ ವರ್ಷ ಬೈದಿದ್ದೇನೆ. ಕುರ್ಚಿಯಲ್ಲಿ ನೆಟ್ಟಗೆ ಕೂತು ತನ್ನತ್ತ ನೋಡಿ ಮಾತಾಡುವವರನ್ನು ಮಾತ್ರ ಪ್ರಜೆ ಅನ್ನುವ ಯಂತ್ರ ಅದು, ಬೈಸಿಕೊಳ್ಳಲಿ. ಆದರೆ ಅವತ್ತು ಅಲ್ಲಿ ಕಿವಿ ಇದ್ದದ್ದು ನನಗೆ. ನಾಲಿಗೆ ಇದ್ದದ್ದೂ ನನಗೆ. ನೌಕರಿಯ ಆಸೆಗೆ ಅದನ್ನು ಹಲ್ಲಿನ ಹಿಂದೆ ಮಡಚಿಟ್ಟುಕೊಂಡೆ. ಛೀ ಅನ್ನಿಸುತ್ತದೆ, ಈಗಲೂ.

ಒಂದು ವಾರದ ಮೇಲೆ ಬ್ಯಾಡ್ಜಿನವನು ನನ್ನ ಕೈಗೆ ಒಂದು ಫಾರಂ ಕೊಟ್ಟ. ಮಾತಾಡಿದವರೆಲ್ಲರಿಂದ ಅಭಿಪ್ರಾಯ ಬರೆಸಿಕೊಳ್ಳಬೇಕಂತೆ. ಅಕ್ಕನ ಫಾರಂನಲ್ಲಿ "ದೂರು ಇಲ್ಲ, ತೃಪ್ತಿಯಾಗಿದೆ" ಎಂದು ಇಂಗ್ಲಿಷಿನಲ್ಲಿ ಅವನೇ ಬರೆದಿದ್ದ. ಹೆಬ್ಬೆಟ್ಟು ಒತ್ತಿಸುವುದಷ್ಟೇ ಬಾಕಿ. ನಾನು ಕ್ಯಾಂಪಿಗೆ ಹೋದೆ.

"ನಳ ಯಾವಾಗ ಹಾಕ್ತಾರಂತ ತಮ್ಮಾ?" ಎಂದಳು ಅಕ್ಕ, ನನ್ನನ್ನು ಕಂಡ ಕೂಡಲೇ.

ನಾನು ತಪ್ಪನ್ನು ಅವಳ ತಲೆಗೆ ಕಟ್ಟಲು ನೋಡಿದೆ. "ನೀವು ಅವ್ರಿಗೆ ಬೆನ್ನು ಮಾಡಿ ನಿಂತ್ರಲ್ಲಕ್ಕಾ, ಅವ್ರಿಗೆ ಹೆಂಗ ಕೇಳ್ಬೇಕು?"

"ಅವ್ರಿಗೆ ಯಾಕ ಕೇಳ್ಬೇಕು? ಹಿರೇರ ಮುಂದ ಮಾರಿ ತೋರ್ಸಿ ಮಾತಾಡ್ತಾರೇನು? ನಾ ನಿನಗ ಹೇಳಿದ್ನಲ್ಲೋ." ಒಂದು ಗಳಿಗೆ ನನ್ನ ಮುಖ ನೋಡಿದಳು. "ನೀ ಹೇಳ್ಲಿಲ್ಲೇನು?"

ಅವಳ ಹಿಂದೆ ಶೆಡ್ಡಿನ ಬಾಗಿಲಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸು ಕೂತಿದ್ದಳು. ಅವಳೂ ನನ್ನನ್ನೇ ನೋಡುತ್ತಿದ್ದಳು.

"ನೀವು ಹೋದ ಮ್ಯಾಲ ಹೇಳಿದ್ನಕ್ಕಾ" ಎಂದೆ. "ಲೈನ್ ಸರಿ ಇರ್ಲಿಲ್ಲ."

ಅವಳು ನಂಬಿದಳು. "ಮಷಿನ್ ಕೆಟ್ರ ನೀ ಏನ್ ಮಾಡ್ತಿ ಪಾಪ" ಎಂದಳು. ನನ್ನ ಕೈಯಲ್ಲಿದ್ದ ಕಾಗದ ನೋಡಿ, ಇದು ನೀರಿನದೇನು ಎಂದು ಕೇಳಿದಳು. ನಾನು ಹೂಂ ಅಂದೆ. ಅವಳು ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ಎಲ್ಲಿ ಒತ್ತಲಿ ತೋರಿಸು ಎಂದಳು. ನಾನು ತೋರಿಸಿದೆ.