ಹುಳದ ಮನೆಯಲ್ಲಿ ಸಿಕ್ಕ ಸಿನಿಮಾ ಪತ್ರಿಕೆಗಳು

ಎರಡು ಸಾವಿರ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ನಮ್ಮ ರಾಮನಗರದ ಸುತ್ತಮುತ್ತ ಓಡಾಡುತ್ತಿದ್ದ ಟೂರಿಂಗ್ ಟಾಕೀಸುಗಳ ಚರಿತ್ರೆ ಬರೆಯಬೇಕೆಂಬ ಹುಚ್ಚು. ಟೆಂಟು ಹಾಕುತ್ತಿದ್ದ ಬಯಲುಗಳಲ್ಲಿ ಆಗಲೇ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ಹಾಗಾಗಿ, ಚಿತ್ರ ಹಂಚುವವರಿಗೂ ಟಾಕೀಸಿನ ಮಾಲೀಕರಿಗೂ ಎಂದೇ ಅಚ್ಚಾಗುತ್ತಿದ್ದ ಹಳೆಯ ವಾರಪತ್ರಿಕೆಗಳನ್ನು ಹುಡುಕತೊಡಗಿದೆ. ಲೈಬ್ರರಿಗಳಲ್ಲಿ ತಾರೆಯರ ಚಿತ್ರವಿದ್ದ ಪತ್ರಿಕೆಗಳಿದ್ದವು, ಇವು ಇರಲಿಲ್ಲ. ವ್ಯಾಪಾರದ ಕಾಗದವನ್ನು ಯಾರು ಎತ್ತಿಡುತ್ತಾರೆ?

ಕೈಲಾಂಚದ ಕಡೆಯ ಹಳ್ಳಿಯೊಂದರಲ್ಲಿ ಟೆಂಟಿನ ಮಾಲೀಕರೊಬ್ಬರ ಹೆಂಡತಿ ಇನ್ನೂ ಇದ್ದಾರೆಂದು ಟೆಂಟಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಹಳೆಯ ಆಪರೇಟರ್ ಒಬ್ಬರು ಹೇಳಿದರು. ಸ್ಕೂಟರ್ ಹತ್ತಿ ಹೋದೆ. ಅಜ್ಜಿ ರೇಷ್ಮೆಹುಳದ ಮನೆಯ ಬಾಗಿಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಬಂದ ಕಾರಣ ಕೇಳಿ ನಕ್ಕರು.

“ನಮ್ಮ ಯಜಮಾನ್ರು ತರುಸ್ತಿದ್ದ ಪೇಪರಾ? ಒಳಗವೆ ನೋಡು ಮಗ, ಹುಳದ ಕೆಳಗೆ.”

ಬಗ್ಗಿ ನೋಡಿದೆ. ಬಿದಿರಿನ ತಟ್ಟೆಗೆ ಹಾಸಿದ್ದ ಹಾಳೆಯಲ್ಲಿ ಪ್ರೊಜೆಕ್ಟರಿನ ಜಾಹೀರಾತು ಅರ್ಧ ಕಾಣುತ್ತಿತ್ತು. ಉಳಿದರ್ಧದ ಮೇಲೆ ಹುಳಗಳು ತಲೆಯೆತ್ತಿ ಅಲುಗದೆ ಕೂತಿದ್ದವು. ನನ್ನ ಕೈ ತಾನಾಗಿ ಮುಂದೆ ಹೋಯಿತು.

“ಮುಟ್ಟಬ್ಯಾಡ! ಜ್ವರಕ್ಕೆ ಕುಂತವೆ. ಪೊರೆ ಬುಡೋಗಂಟ ಅಲ್ಲಾಡುಸ್ಬಾರ್ದು.”

“ಆಮೇಲೆ ಕೊಡ್ತೀರಾ ಅವ್ವಾ?”

“ಕೊಟ್ರೆ ಹುಳಕ್ಕೆ ಏನ್ ಹಾಸ್ಲಿ?”

ಮೇವು ಬಿಟ್ಟು ಕೂತ ಹುಳಗಳ ಆ ‘ಜ್ವರ’ ಮುಗಿದು ಪೊರೆ ಬಿಡುವ ಹೊತ್ತಿಗೆ, ನಮ್ಮ ಮನೆಯ ಮತ್ತು ಅಕ್ಕಪಕ್ಕದವರ ಹಳೆಯ ದಿನಪತ್ರಿಕೆಗಳನ್ನು ಕಟ್ಟಿಕೊಂಡು ಮತ್ತೆ ಹೋದೆ. ಹಸಿದ ಹುಳಗಳು ಹೊಸ ಸೊಪ್ಪಿಗೆ ಹತ್ತಿದ ಮೇಲೆ, ಸೊಪ್ಪಿನ ಸಮೇತ ಎತ್ತಿ ಬೇರೆ ತಟ್ಟೆಗೆ ಹಾಕಬೇಕಿತ್ತು. ನಾನು ಹೆದರಿ ಹೆದರಿ ಎತ್ತಿದೆ. “ಒಸಿ ಮೆತ್ತಗೆ ಕಣಪ್ಪ,” ಅಜ್ಜಿ ಅನ್ನುತ್ತಲೇ ಇದ್ದರು. ತಟ್ಟೆ ಬರಿದಾದಂತೆ ಒಂದೊಂದೇ ಸಂಚಿಕೆ ಹೊರಬಂತು. ಕೆಲವು ತೂತು, ಕೆಲವು ಮುಟ್ಟಿದರೆ ಪುಡಿ. ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ಅಟ್ಟದ ಮೇಲಿದ್ದ ಕಟ್ಟನ್ನೂ ಇಳಿಸಿಕೊಳ್ಳಲು ಹೇಳಿದರು.

“ಒಂದ್ ಓದು, ಕೇಳ್ತೀನಿ. ಅವ್ರು ಒಬ್ರೇ ಓದ್ಕಂಡು ನಗ್ತಿದ್ರು. ಏನೈತೆ ಅಂತ ಒಂದಿನಾನೂ ಹೇಳ್ಲಿಲ್ಲ.”

ಜಗಲಿಯಲ್ಲಿ ಕೂತು ಓದಿದೆ. ಪ್ರೊಜೆಕ್ಟರಿನ ದೀಪಕ್ಕೆ ಉರಿಸುವ ಕಾರ್ಬನ್ ಕಡ್ಡಿ, ಬಾಡಿಗೆ ಜನರೇಟರು, ಟೆಂಟಿನ ಬಟ್ಟೆ, ನಗುವಂಥದ್ದೇನೂ ಕಾಣಲಿಲ್ಲ. ಮಳೆಗೆ ಟೆಂಟು ಸೋರದಂತೆ ಮೇಣ ಬಳಿಯಿರಿ ಎಂಬ ಸಲಹೆ ಬಂದಾಗ ಮಾತ್ರ ಅವರು ತೊಡೆ ತಟ್ಟಿಕೊಂಡು ನಕ್ಕರು.

“ಇದ್ನ ಓದಿ ಬಳ್ದಿದ್ದಾ ಅವ್ರು! ಬಿಸ್ಲಿಗೆ ಮೇಣ ಕಾದು, ಸಂಜೆ ಆಟದಲ್ಲಿ ಜನದ ತಲೆ ಮ್ಯಾಲೆಲ್ಲ ತೊಟ್ಟಿಕ್ತು ಕಣಪ್ಪ. ಆಟ ನಿಲ್ಸಿ ಎಲ್ರಿಗೂ ಕಡ್ಲೆಪುರಿ ಹಂಚುದ್ರು.”

ನಗುತ್ತಲೇ ಕಣ್ಣೊರೆಸಿಕೊಂಡರು.

ಹೊರಡುವಾಗ ಎಲ್ಲವನ್ನೂ ಕೊಟ್ಟರು, ಮೇಣದ ಸಲಹೆಯಿದ್ದ ಆ ಸಂಚಿಕೆಯೊಂದನ್ನು ಬಿಟ್ಟು. “ಇದೊಂದ್ ನಂಗಿರ್ಲಿ,” ಎಂದರು. ನಾನು ಮತ್ತೆ ಜಗಲಿಯಲ್ಲಿ ಕೂತು ಆ ಪುಟವನ್ನು ಕೈಯಲ್ಲೇ ನಕಲು ಮಾಡಿಕೊಂಡೆ. ಗಾಳಿಗೆ ಹಾಳೆ ಹಾರದಂತೆ, ಬರೆದು ಮುಗಿಯುವವರೆಗೂ ಅವರು ಅದರ ಅಂಚನ್ನು ಒತ್ತಿ ಹಿಡಿದಿದ್ದರು.