ಅವ್ವ ಗಾಡಿ ಹತ್ತಿದ ದಿನ

ನಾನು ಚಿಕ್ಕವನಿದ್ದಾಗ ಹೇಳಬೇಕಾಗಿದ್ದ ಒಂದು ಮಾತನ್ನು ಮುದುಕನಾಗುವವರೆಗೂ ಹೇಳಲಿಲ್ಲ. ಮಕ್ಕಳೇ, ನೀವು ಕುಣಿಗಲ್ ಅಜ್ಜಿ ಅಂತ ಕರೆಯುತ್ತೀರಲ್ಲ, ನನ್ನ ತಂಗಿ, ಅವಳಿಗೆ ಹೇಳಬೇಕಾಗಿದ್ದ ಮಾತು ಅದು.

ಆಗ ನನಗೆ ಒಂಬತ್ತು ವರ್ಷ, ತಂಗಿಗೆ ಐದು. ಗುಬ್ಬಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ತಿಂಗಳುಗಟ್ಟಲೆ ಕೆಮ್ಮುತ್ತಾ ಮಲಗಿದ್ದಳು. ಏನು ಕಾಯಿಲೆ ಅಂತ ನಮಗೆ ಯಾರೂ ಹೇಳಲಿಲ್ಲ. ಅವಳ ತಟ್ಟೆ, ಲೋಟ ಬೇರೆ ಇಟ್ಟರು. ಹತ್ತಿರ ಹೋದರೆ ಅಕ್ಕ ಗದರುತ್ತಿದ್ದಳು. ಕೇಳಿದರೆ ಅಪ್ಪ, "ಹೋಗ್ರೋ, ಆಡ್ಕೊಳ್ರೋ" ಅನ್ನುತ್ತಿದ್ದ. ಗೋಡೆಯಾಚೆಯಿಂದ ಬರುವ ಆ ಕೆಮ್ಮು ನಿಂತರೆ ಸಾಕು ಅನಿಸುತ್ತಿತ್ತು. ನಿಂತಾಗ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಎತ್ತಿನ ಗಾಡಿಗೆ ಹುಲ್ಲು ಹಾಸಿ ಮೇಲೆ ಕಂಬಳಿ ಹರಡಿದ. ಗುಬ್ಬಿಯವರೆಗೆ ಗಾಡಿ, ಅಲ್ಲಿಂದ ಬಸ್ಸಿನಲ್ಲಿ ತುಮಕೂರಿನ ಆಸ್ಪತ್ರೆಗೆ. ಅವ್ವನನ್ನು ಎತ್ತಿ ಕೂರಿಸಿದರು. ಅವಳ ಕೈ ಮುಟ್ಟಿದೆ, ಒಲೆಯಿಂದ ಆಗತಾನೆ ಇಳಿಸಿದ ಹಂಚಿನ ಹಾಗೆ ಸುಡುತ್ತಿತ್ತು. ಎತ್ತುಗಳು ಹೆಜ್ಜೆ ಎತ್ತುವಾಗ ತಂಗಿ ಅರ್ಧ ಹೆಣೆದ ಜಡೆಯಲ್ಲೇ ಓಡಿಬಂದು ಕೂಗಿದಳು. "ಅವ್ವಾ, ಎಲ್ಲಿಗವ್ವಾ?"

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತೆ ಅಂತ ನಮ್ಮ ಕಡೆ ನಂಬಿಕೆ. ಕೇಳಿಬಿಟ್ಟರೆ ಒಳಗೆ ಬಂದು ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅಪ್ಪ ಗಾಡಿ ನಿಲ್ಲಿಸಿದ. ಅವ್ವ "ಬ್ಯಾಡ ಬುಡಿ, ಕೈಲಾಗಲ್ಲ" ಅಂದರೂ ಕೇಳದೆ ಇಳಿಸಿದ. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂತು. ಸೆರಗಿನ ಮೇಲೆ ರಕ್ತ.

ನೀರು ಕುಡಿಸಿ ಅವ್ವನನ್ನು ಮತ್ತೆ ಗಾಡಿ ಹತ್ತಿಸಿದರು. ಗಾಡಿ ಹೋದ ಮೇಲೆ ಅವ್ವ ಸತ್ತೇಹೋಗುತ್ತಾಳೆ ಅಂತ ನನಗೆ ಭಯ ಹತ್ತಿತು. ಆ ಭಯವನ್ನು ಯಾರ ಮೇಲಾದರೂ ಹಾಕಬೇಕಿತ್ತು. ತಂಗಿಯ ಕಡೆ ತಿರುಗಿ, "ನೀನ್ ಕೇಳಿದ್ದಕ್ಕೇ ಕಣೇ ರಕ್ತ ಬಂದಿದ್ದು. ಅವ್ವ ಇನ್ನು ಬರಲ್ಲ" ಅಂದೆ.

ಅವಳು ಅಳಲಿಲ್ಲ. ಸಂಜೆ ಅಕ್ಕ ಹುಡುಕಿದಾಗ ತೆಂಗಿನ ಮಟ್ಟೆ ರಾಶಿಯ ಹಿಂದೆ ಮುದುರಿ ಕೂತಿದ್ದಳು. "ಯಾರೇನಂದ್ರೇ? ಇವನೇನಾರ ಹೊಡದ್ನಾ?" ಅಂತ ಅಕ್ಕ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆಮೇಲೆ ಯಾರದ್ದೇ ಗಾಡಿ ಸದ್ದಾದರೂ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ದನ ನೋಡಲು ಆಳಿಲ್ಲ ಅಂತ ನನ್ನ ಸ್ಕೂಲು ನಿಂತಿದ್ದೂ ಆಗಲೇ.

ಮೂರು ತಿಂಗಳಾದ ಮೇಲೆ ಅವ್ವ ಬಂದಳು, ಬಡಕಲಾಗಿ, ಆದರೆ ನಡೆದುಕೊಂಡೇ. ಕೈ ಚಾಚಿ "ಬಾ ಮಗಾ" ಅಂದಳು. ತಂಗಿ ಕಂಬದ ಹಿಂದೆ ನಿಂತಳು, ಹತ್ತಿರ ಬರಲೇ ಇಲ್ಲ. ತನ್ನ ಬಾಯಿಂದ ಇನ್ನೊಂದು ಮಾತು ಬಂದರೆ ಅವ್ವನಿಗೆ ಮತ್ತೇನಾದರೂ ಆಗುತ್ತೆ ಅಂತ ಅವಳ ಭಯ. ಅವ್ವ "ನನ್ನ ಮರತೇಬುಟ್ಳು" ಅಂತ ಮುಖ ಮುಚ್ಚಿಕೊಂಡು ಅತ್ತಳು. ಕಾರಣ ಗೊತ್ತಿದ್ದವನು ನಾನೊಬ್ಬನೇ. ಹೇಳಿದರೆ ಅಪ್ಪ ಹೊಡೆಯುತ್ತಾನೆ ಅಂತ ಸುಮ್ಮನಿದ್ದೆ. ತಂಗಿ ಅವ್ವನ ಮಡಿಲಿಗೆ ಬರಲು ಒಂದು ವರ್ಷ ಬೇಕಾಯಿತು.

ಈಗ ನಿಮ್ಮ ಅಮ್ಮ ತುಮಕೂರಿನಲ್ಲಿ ಅಡ್ಮಿಟ್ ಆಗಿದ್ದಾಳೆ. ಡಾಕ್ಟರಮ್ಮ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಕಾಯಿಲೆಯ ಹೆಸರು ಹೇಳಿದರು, ಔಷಧಿಗೆ ಕೂದಲು ಉದುರುತ್ತೆ ಅಂತಲೂ ಹೇಳಿದರು. ದಿನಾ ವಿಡಿಯೋ ಕಾಲಿನಲ್ಲಿ ಅಮ್ಮನ ಮುಖ ನೋಡುತ್ತೀರಿ. ನಮಗೆ ಇದ್ಯಾವುದೂ ಇರಲಿಲ್ಲ. ಆದರೂ ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಕೇಳಿದಳು, "ತಾತ, ನಾನು ಹಠ ಮಾಡ್ದೆ ಅಂತ ಅಮ್ಮಂಗೆ ಹಿಂಗಾಯ್ತಾ?" "ಇಲ್ಲ ಕಣೇ, ಖಂಡಿತ ಇಲ್ಲ" ಅಂತ ತಕ್ಷಣ ಹೇಳಿದೆ. ಅವತ್ತು ತಂಗಿಗೆ ಹೇಳಬೇಕಾಗಿದ್ದೂ ಇಷ್ಟೇ ಮಾತಾಗಿತ್ತಲ್ಲ.

ಮಾರನೇ ದಿನವೇ ಕುಣಿಗಲ್ ಬಸ್ಸು ಹತ್ತಿದೆ. ತಂಗಿ ಅವರೆಕಾಯಿ ಸುಲಿಯುತ್ತಿದ್ದಳು. "ಫೋನೂ ಮಾಡ್ದೆ ಬಂದ್ಬುಟ್ಟಾ? ಬಸ್ಸು ಫ್ರೀ ಇರೋದು ನಮ್ ಹೆಂಗಸ್ರಿಗೆ ಕಣಣ್ಣ, ನಿಂಗಲ್ಲ" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತೆ. ಒಂದು ಅವರೆಕಾಯಿ ಕೈಗೆತ್ತಿಕೊಂಡು ಹೇಳಿದೆ.

"ಅವತ್ತು ಅವ್ವಂಗೆ ರಕ್ತ ಬಂದಿದ್ದು ನಿನ್ನಿಂದ ಅಲ್ಲ ಕಣವ್ವ. ನಾನು ಹೆದರ್ಕೊಂಡಿದ್ದೆ, ನಿನ್ ಮೇಲೆ ಹಾಕ್ದೆ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ತಪ್ಪಾಯ್ತು ಕಣವ್ವ, ನನ್ನ ಕ್ಷಮಿಸ್ಬುಡು."