ಕಡಲೆ ಹುಳಿ ಹಿಂಡಿದ ಕೈ

ಚಳಿಗಾಲ ಬಂತೆಂದರೆ ನಮ್ಮ ಅತ್ತೆಯವರ ಬೆರಳ ತುದಿಗಳು ಬೆಳ್ಳಗಾಗಿ ಸಿಪ್ಪೆ ಏಳುತ್ತಿದ್ದವು. ಅದು ಕಡಲೆ ಹುಳಿಯ ಕೆಲಸ. ಸಂಜೆ ಹೊಲಕ್ಕೆ ಹೋಗಿ ಕಡಲೆ ಗಿಡಗಳ ಮೇಲೆ ಹಳೆಯ ಧೋತರ ಹಾಸಿ ಬರುವರು. ಬೆಳಗಾಗುತ್ತಲೇ ಎಲೆಗಳ ಹುಳಿ ಹೀರಿ ಇಬ್ಬನಿಯಲ್ಲಿ ತೊಯ್ದ ಆ ಬಟ್ಟೆ ಹಿಂಡಿ, ಹುಳಿನೀರನ್ನು ಬಾಟಲಿಗೆ ತುಂಬುವರು. ಆಳಂದದ ನಮ್ಮ ಓಣಿಯಲ್ಲಿ ಯಾರ ಹೊಟ್ಟೆ ನೊಂದರೂ ಅದೇ ಔಷಧ. "ಒಂದ ಚಮಚಾ ಸಾಕು, ಹೆಚ್ಚಾದ್ರ ಹಲ್ಲು ಜುಮ್ಮಂತಾವ" ಎನ್ನುವರು. ಯಾರು ಗೋಗರೆದರೂ ಎರಡನೆಯ ಚಮಚ ಸಿಗುತ್ತಿರಲಿಲ್ಲ.

ನಾನು ಮಣ್ಣೂರಿನಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ನಿಜಾಮಶಾಹಿಯ ಕೊನೆಯ ವರ್ಷಗಳಲ್ಲಿ. ಹೊಳೆದಂಡೆಯ ಊರಿನವಳಿಗೆ ಮನೆಯೊಳಗೆ ಸಂಡಾಸು ಎಂದರೇ ಗಾಬರಿ. ಮಾವನವರಂತೂ ಸೊಲ್ಲಾಪುರದಿಂದ ಬಿಳಿ ಪಿಂಗಾಣಿಯದನ್ನೇ ತರಿಸಿ ಕೂಡಿಸಿದ್ದರು, ಬಂದವರಿಗೆಲ್ಲ ಬಾಗಿಲು ತೆಗೆದು ತೋರಿಸುತ್ತಿದ್ದರು. ವರ್ಷ ತುಂಬುವುದರೊಳಗೆ ಅದಕ್ಕೆ ಕಂದು ಕಲೆ ಹಿಡಿಯಿತು. ದಿನಾ ತೊಳೆಯಲು ಬರುತ್ತಿದ್ದ ಹೆಂಗಸು ಬೂದಿ, ಇಟ್ಟಂಗಿ ಪುಡಿ ಹಾಕಿ ತಿಕ್ಕಿದರೂ ಕಲೆ ಜಪ್ಪಯ್ಯ ಅನ್ನಲಿಲ್ಲ. ಒಂದು ದಿನ ಮಾವನವರು ರೇಗಿದಾಗ, ತಪ್ಪು ಹಳ್ಳಿಯವಳಾದ ನನ್ನ ಮೇಲೆ ಬಂದೀತೆಂದು ಹೆದರಿ, "ಆಕಿ ಮ್ಯಾಲ ಮ್ಯಾಲ ತಿಕ್ಕಿ ಹೋಗ್ತಾಳ್ರಿ" ಎಂದುಬಿಟ್ಟೆ. ಕಣ್ಣಾರೆ ನೋಡಿದವಳಲ್ಲ. ಮಾವನವರು ಅವಳನ್ನು ಅಂದೇ ಬಿಡಿಸಿದರು.

ಮರುದಿನ ಬೆಳಿಗ್ಗೆ ಅತ್ತೆಯವರು ಸೀರೆ ಎತ್ತಿ ಕಟ್ಟಿ, ಹುಳಿಯ ಬಾಟಲಿ ಹಿಡಿದು ಸಂಡಾಸಿನೊಳಗೆ ಹೋದರು. ಲಿಂಗಪೂಜೆ ಮಾಡುವ ಕೈ!

"ಏನ್ ಮಾಡಾಕತ್ತೀ? ಆ ಕೈಲೆ ಲಿಂಗ ಹ್ಯಾಂಗ ಹಿಡೀತಿ?" ಮಾವನವರು ಹೊರಗಿನಿಂದಲೇ ಕೂಗಿದರು.

"ತೊಳಕೊಂಡು ಹಿಡೀತೇನ್ರಿ. ಆಕೀನೂ ದಿನಾ ತೊಳಕೊಂಡೇ ಉಣ್ತಾಳಲ್ರಿ."

ಚಮಚದ ಲೆಕ್ಕದಲ್ಲಿ ಕೊಡುತ್ತಿದ್ದ ಔಷಧವನ್ನು ಇಡೀ ಬಾಟಲಿ ಸುರಿದರು. ತುಸು ಹೊತ್ತು ಬಿಟ್ಟು ಪುಂಡಿ ನಾರಿನಿಂದ ತಿಕ್ಕಿದರೆ ಕಲೆ ಹಕ್ಕಳೆಯಂತೆ ಎದ್ದು ಬಂತು. "ಇದು ನಮ್ಮ ಬಾವಿ ಸವಳು ನೀರಿನ ಕಲಿ. ಸುಮ್ಸುಮ್ನ ಆಕೀನ್ನ ಬಿಡಿಸೀರಿ" ಎಂದವರೇ ನನ್ನ ಕಡೆ ತಿರುಗಿದರು. "ಮಾತು ನಿಂದು. ನೀನ ಹೋಗಿ, ತಪ್ಪಾತು ಅಂದು ಕರ್ಕೊಂಡ ಬಾ."

ಆ ಮನೆಯ ಸೊಸೆ ಊರಾಚೆಯ ಅವಳ ಕೇರಿಗೆ! ಆದರೂ ಹೋದೆ. ನನ್ನನ್ನು ಕಂಡದ್ದೇ ಅವಳು ದಡಬಡಿಸಿ ಎದ್ದು, "ಅವ್ವಾರ, ನಾ ಏನ್ ತಪ್ಪ ಮಾಡೀನ್ರಿ?" ಎಂದಳು. "ಅತ್ತಿಯವ್ರು ಕರ್ಯಾಕತ್ತಾರ" ಎಂದಷ್ಟೇ ಹೇಳಿ ತಿರುಗಿದೆ.

"ತಪ್ಪಾತು ಅಂದೇನು?" ಅತ್ತೆಯವರು ಕೇಳಿದರು.

"ಹೂನ್ರಿ."

ನಂಬಿದರು. ತಲೆ ಸವರಿದರು. ಅವಳು ಮತ್ತೆ ಕೆಲಸಕ್ಕೆ ಬರತೊಡಗಿದಳು. ಎಷ್ಟೋ ವರ್ಷದ ಮೇಲೆ ಅತ್ತೆಯವರು ಹಾಸಿಗೆ ಹಿಡಿದಾಗ ನೋಡಲು ಬಂದು ಬಾಗಿಲಲ್ಲಿ ನಿಂತಳು. ಅತ್ತೆಯವರು ನನ್ನ ಕೈ ಹಿಡಿದು ಅವಳಿಗೆ ಹೇಳಿದರು: "ನಿನ್ನ ಮನಿಗಿ ಬಂದು ತಪ್ಪಾತು ಅಂದಾಕಿ ನನ್ನ ಸೊಸಿ. ಯಾರ ಮನ್ಯಾಗ ಅದಾಳ ಇಂಥಾಕಿ?"

ಅವಳು ಒಮ್ಮೆ ನನ್ನ ಮುಖ ನೋಡಿದಳು.

"ಖರೇರಿ ಅವ್ವಾರ, ಅಂದ್ರು" ಎಂದಳು.

ಮೂರನೆಯ ದಿನ ಅತ್ತೆಯವರು ತೀರಿಕೊಂಡರು. ಅವಳಿಗೆ ಹೇಳಬೇಕಾದ ಮಾತನ್ನು ನಾನು ಆಮೇಲೂ ಹೇಳಲಿಲ್ಲ.